ಎರಡು ಬಸ್ಸಿಗೆ ಒಂದೊಂದು ಟವೆಲು

ಹಬ್ಬದ ಹಿಂದಿನ ಸಂಜೆ ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ನಿಂತವರಿಗೆ ಈ ನೋಟ ಹೊಸದಲ್ಲ. ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಕಿಟಕಿಯೊಳಗೆ ಟವೆಲು, ಕರವಸ್ತ್ರ, ಕೈಚೀಲ, ಒಮ್ಮೊಮ್ಮೆ ಮಗುವೇ ತೂರಿಹೋಗುತ್ತದೆ. ಟವೆಲು ಬಿದ್ದ ಸೀಟು ಟವೆಲಿನ ಯಜಮಾನನದು. ಯಾವ ಕಾನೂನಿನ ಪುಸ್ತಕದಲ್ಲೂ ಇಲ್ಲದ ಈ ಹಕ್ಕನ್ನು ಕಂಡಕ್ಟರೂ ಕೆಣಕುವುದಿಲ್ಲ. ಆದರೆ ಒಬ್ಬನೇ ಮನುಷ್ಯ ಶಿವಮೊಗ್ಗದ ಎರಡು ಬಸ್ಸಿಗೂ ಒಂದೊಂದು ಟವೆಲು ಎಸೆದು, ಯಾವುದು ಮೊದಲು ಹೊರಡುತ್ತದೋ ನೋಡೋಣ ಅಂತ ಕೆಳಗೆ ಕಾಫಿ ಹೀರುತ್ತ ನಿಂತರೆ? ಅವನು ಒಂದರಲ್ಲಿ ಹೋಗಿಬಿಡುತ್ತಾನೆ. ಇನ್ನೊಂದರಲ್ಲಿ, ಟವೆಲು ಹೊದ್ದ ಆ ಖಾಲಿ ಸೀಟಿನ ಪಕ್ಕದಲ್ಲೇ ಒಬ್ಬ ಅಜ್ಜಿ ಕಂಬಿ ಹಿಡಿದು ತುಮಕೂರಿನವರೆಗೂ ನಿಂತಿರುತ್ತಾಳೆ.

ಅಮೆರಿಕದಲ್ಲಿ ಪ್ರತಿ ವರ್ಷ ಏಪ್ರಿಲ್ ಮುಗಿಯುವ ಹೊತ್ತಿಗೆ ಈ ಟವೆಲಿನ ಲೆಕ್ಕಾಚಾರ ಮನೆಮನೆಯಲ್ಲಿ ಶುರುವಾಗುತ್ತದೆ. ಹೈಸ್ಕೂಲಿನ ಕೊನೆಯ ವರ್ಷದ ಮಕ್ಕಳು ಯಾವ ಕಾಲೇಜಿಗೆ ಸೇರುತ್ತೇವೆಂದು ಹೇಳಿ ಮುಂಗಡ ಕಟ್ಟಲು ರೂಢಿಯಲ್ಲಿರುವ ಕಡೆಯ ದಿನ ಮೇ 1. ಒಂದು ಕಾಲೇಜಿಗೆ ಕಟ್ಟಬೇಕಾದ ಮುಂಗಡವನ್ನು ಎರಡು ಕಡೆ ಕಟ್ಟಿ, ಎರಡೂ ಕಡೆ ‘ಬರುತ್ತೇನೆ’ ಎನ್ನುವುದಕ್ಕೆ ಅಲ್ಲಿನ ಜನ ‘ಡಬಲ್ ಡಿಪಾಸಿಟ್’ ಎನ್ನುತ್ತಾರೆ. ಇದರಿಂದ ಯಾರೂ ಜೈಲಿಗೆ ಹೋಗುವುದಿಲ್ಲ. ಆದರೂ ಶಾಲೆಯ ಸಲಹೆಗಾರರು ಈ ಮಾತು ಕೇಳಿದರೆ ಮುಖ ಸಿಂಡರಿಸುತ್ತಾರೆ.

ಈ ಗೊಂದಲದ ಬೇರು ಅರ್ಜಿಗಳ ಸಂಖ್ಯೆಯಲ್ಲಿದೆ. 1975ರಲ್ಲಿ 15 ಖಾಸಗಿ ಕಾಲೇಜುಗಳು ಒಟ್ಟಾಗಿ, ಒಂದೇ ನಮೂನೆಯ ಅರ್ಜಿ ಎಲ್ಲ ಕಡೆಗೂ ಸಾಲಲಿ ಎಂದು ‘ಕಾಮನ್ ಅಪ್ಲಿಕೇಷನ್’ ಶುರುಮಾಡಿದವು. ಇಂದು ಅದರಲ್ಲಿ ಸಾವಿರಕ್ಕೂ ಹೆಚ್ಚು ಕಾಲೇಜುಗಳಿವೆ, ಒಬ್ಬ ವಿದ್ಯಾರ್ಥಿ ಅದರ ಮೂಲಕ 20 ಕಾಲೇಜುಗಳವರೆಗೆ ಅರ್ಜಿ ಹಾಕಬಹುದು. ಹೆಸರಾಂತ ಕಾಲೇಜುಗಳ ಉತ್ತರ ಮಾರ್ಚ್ ಕೊನೆಗೆ ಬರುತ್ತದೆ. ಆಮೇಲೆ ಉಳಿಯುವುದು ಸುಮಾರು ನಾಲ್ಕು ವಾರ. ತಿಂಗಳುಗಟ್ಟಲೆ ಕಾಲೇಜು ಹುಡುಗನನ್ನು ತೂಗಿ ನೋಡಿರುತ್ತದೆ. ಹುಡುಗ ಕಾಲೇಜನ್ನು ತೂಗಲು ನಾಲ್ಕು ವಾರ.

ಆ ನಾಲ್ಕು ವಾರ ಮನೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ಕನ್ನಡ ಮನೆಗಳವರು ಚೆನ್ನಾಗಿ ಬಲ್ಲರು. ಕನ್ನಡ ಕೂಟಗಳ ಯುಗಾದಿ ಕಾರ್ಯಕ್ರಮವೂ ಹೆಚ್ಚುಕಡಿಮೆ ಅದೇ ಕಾಲಕ್ಕೆ ಬರುತ್ತದೆ. ವೇದಿಕೆಯ ಮೇಲೆ ನಾಟಕ ನಡೆಯುತ್ತಿದ್ದರೆ, ಹಿಂದಿನ ಸಾಲಿನಲ್ಲಿ ಒಬ್ಬಟ್ಟಿನ ತಟ್ಟೆ ಹಿಡಿದ ತಂದೆತಾಯಂದಿರು ‘ನಿಮ್ಮವನದು ಎಲ್ಲಿ ಆಯ್ತು?’ ಎಂಬ ಬೇರೊಂದು ನಾಟಕದಲ್ಲಿರುತ್ತಾರೆ. ‘ಇನ್ನೂ ನೋಡ್ತಾ ಇದೀವಿ’ ಎಂಬ ಉತ್ತರದ ಹಿಂದೆ ಎಷ್ಟೋ ಸಲ ಎರಡು ಮುಂಗಡದ ರಸೀದಿ ಇರುವುದುಂಟು.

ಮುಂಗಡ ದೊಡ್ಡ ಮೊತ್ತವಲ್ಲ. ಸಾಮಾನ್ಯವಾಗಿ 100ರಿಂದ 500 ಡಾಲರ್, ಕೆಲವು ಕಡೆ ಇನ್ನೂ ಹೆಚ್ಚು. ಎಷ್ಟೋ ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಊಟ ವಸತಿ ಸೇರಿ ವರ್ಷದ ಖರ್ಚು 80,000 ಡಾಲರ್ ದಾಟಿರುವ ಕಾಲದಲ್ಲಿ ಈ ಹಣ ಹೋದರೂ ಹೋಗಲಿ, ಕೈಗೊಂದು ಇರಲಿ ಎನ್ನಿಸುವುದು ಸಹಜ. ಮದುವೆಗೆ ಎರಡು ಛತ್ರಕ್ಕೆ ಅಡ್ವಾನ್ಸ್ ಕೊಟ್ಟಿಡುವ ತಂದೆಗೆ ಯಾವ ಯೋಚನೆಯೋ ಇವರದೂ ಅದೇ.

ಇದನ್ನೆಲ್ಲ ಬರೀ ಚಂಚಲತೆ ಎಂದು ತಳ್ಳಿಹಾಕುವುದು ಸುಲಭ. ಆದರೆ ಎರಡನೆಯ ಮುಂಗಡದ ಹಿಂದೆ ಹೆಚ್ಚಾಗಿ ಇರುವುದು ಹಣದ ಲೆಕ್ಕ, ಅದೂ ಅರ್ಥವಾಗದ ಲೆಕ್ಕ. ಪ್ರವೇಶಪತ್ರದ ಜೊತೆಗೆ, ಅಥವಾ ಅದರ ಹಿಂದೆ, ಕಾಲೇಜು ಒಂದು ನೆರವಿನ ಪತ್ರ ಕಳಿಸುತ್ತದೆ. ತಿರುಗಿ ಕೊಡಬೇಕಿಲ್ಲದ ಅನುದಾನ, ಬಡ್ಡಿ ಸಮೇತ ತೀರಿಸಬೇಕಾದ ಸಾಲ, ಕ್ಯಾಂಪಸ್ಸಿನಲ್ಲಿ ದುಡಿದು ಗಳಿಸಬೇಕಾದ ಕೂಲಿ, ಈ ಮೂರನ್ನೂ ಒಂದೇ ಪಟ್ಟಿಯಲ್ಲಿ ಕೂಡಿಸಿ ‘ನಿಮಗೆ ಇಷ್ಟು ನೆರವು’ ಎನ್ನುವ ಪತ್ರಗಳು ಎಷ್ಟೋ. ಅಮೆರಿಕದ ಸಂಸತ್ತಿಗೆ ಲೆಕ್ಕ ಒಪ್ಪಿಸುವ ಸರ್ಕಾರಿ ಹೊಣೆಗಾರಿಕೆ ಕಚೇರಿ 2022ರಲ್ಲಿ ಇಂಥ ಪತ್ರಗಳನ್ನು ಪರೀಕ್ಷಿಸಿ, ಸುಮಾರು 91 ಶೇಕಡಾ ಕಾಲೇಜುಗಳು ವಿದ್ಯಾರ್ಥಿ ನಿಜವಾಗಿ ಕೊಡಬೇಕಾದ ಮೊತ್ತವನ್ನು ಹೇಳುವುದೇ ಇಲ್ಲ, ಅಥವಾ ಕಡಿಮೆ ಮಾಡಿ ಹೇಳುತ್ತವೆ ಎಂದು ವರದಿ ಕೊಟ್ಟಿತು. ನೂರರಲ್ಲಿ ತೊಂಬತ್ತೊಂದು! ತಕ್ಕಡಿಯ ಮುಳ್ಳನ್ನು ಮುಚ್ಚಿಟ್ಟು, ಬೇಗ ತೂಗಿ ಹೇಳಪ್ಪ ಎಂದರೆ ಹೇಗೆ?

2024ರಲ್ಲಿ ಮುಳ್ಳಷ್ಟೇ ಅಲ್ಲ, ತಕ್ಕಡಿಯೇ ಇರಲಿಲ್ಲ. ಕೇಂದ್ರ ಸರ್ಕಾರದ ನೆರವಿಗೆ ತುಂಬಬೇಕಾದ ಅರ್ಜಿ ‘ಫಾಫ್ಸಾ’. ಅದು ಅಕ್ಟೋಬರ್ 1ಕ್ಕೆ ತೆರೆಯುವುದು ವಾಡಿಕೆ. ಅದನ್ನು ಸರಳಗೊಳಿಸಲು ಹೊರಟ ಶಿಕ್ಷಣ ಇಲಾಖೆ ಆ ಸಲ 2023ರ ಡಿಸೆಂಬರಿನ ಕಟ್ಟಕಡೆಯ ದಿನಗಳಲ್ಲಿ ಅರ್ಜಿ ತೆರೆಯಿತು. ತುಂಬಿದ ಮಾಹಿತಿ ಕಾಲೇಜುಗಳನ್ನು ತಲುಪಲು ಮಾರ್ಚ್ ಮಧ್ಯ ಹಿಡಿಯಿತು, ತಲುಪಿದ್ದರಲ್ಲೂ ತಪ್ಪುಗಳು. ಅನೇಕ ಕಾಲೇಜುಗಳು ಮೇ 1ನ್ನು ಮೇ 15ಕ್ಕೆ, ಜೂನ್ 1ಕ್ಕೆ ಮುಂದೂಡಿದವು. 2020ರ ಕೋವಿಡ್ ವಸಂತದಲ್ಲೂ ಹೀಗೇ ಆಗಿತ್ತು. ಮುಂದೂಡದ ಕಾಲೇಜುಗಳೂ ಇದ್ದವು. ಒಂದು ಕಾಲೇಜು ಇಂದೇ ಹೇಳು ಎನ್ನುತ್ತಿದೆ, ಇನ್ನೊಂದು ಎಷ್ಟು ಕೊಡಬೇಕೆಂದು ಮುಂದಿನ ತಿಂಗಳು ತಿಳಿಸುತ್ತೇವೆ ಎನ್ನುತ್ತಿದೆ. ಅಂಥ ಮನೆಯವರು ಎರಡು ಕಡೆ ಟವೆಲು ಹಾಕಿದರೆ ಅವರನ್ನು ಗದರಿಸುವುದಕ್ಕೆ ನಾಲಿಗೆ ಏಳುವುದಿಲ್ಲ.

ಎಲ್ಲರ ಕಾರಣವೂ ಹೀಗೆ ಮರ್ಯಾದಸ್ಥವಾಗಿರುವುದಿಲ್ಲ ಎನ್ನುವುದೂ ನಿಜ. ಅಪ್ಪನಿಗೆ ಎಂಜಿನಿಯರಿಂಗ್, ಮಗಳಿಗೆ ಸಿನಿಮಾ ಅಧ್ಯಯನ, ಬೇಸಿಗೆ ಮುಗಿಯುವುದರೊಳಗೆ ಯಾರಾದರೂ ಒಬ್ಬರು ಸೋಲುತ್ತಾರೆ ಅಂತ ಎರಡು ಕಡೆ ಕಟ್ಟಿದವರುಂಟು. ಎರಡು ಕಾಲೇಜಿನ ಹೆಸರಿರುವ ಎರಡು ಅಂಗಿ ಕೊಂಡು, ಯಾವುದನ್ನು ತೊಟ್ಟರೆ ಚೆಂದ ಎಂದು ಕನ್ನಡಿಯ ಮುಂದೆ ನಿಂತವರೂ ಉಂಟು.

ಈಗ ಇನ್ನೊಂದು ಕಡೆಯಿಂದ, ಪ್ರವೇಶ ಕಚೇರಿಯ ಮೇಜಿನಿಂದ ನೋಡಬೇಕು. ಕಾಲೇಜಿನಲ್ಲಿ 1,000 ಸೀಟಿದ್ದರೆ ಸಾವಿರ ಮಂದಿಗೆ ಮಾತ್ರ ಪ್ರವೇಶಪತ್ರ ಕೊಟ್ಟು ಕೂರುವಂತಿಲ್ಲ. ಕರೆದವರೆಲ್ಲ ಬರುವುದಿಲ್ಲವಲ್ಲ. ಹಾಗಾಗಿ ನಾಲ್ಕು ಸಾವಿರ ಮಂದಿಯನ್ನು ಕರೆದು, ಕಾಲು ಭಾಗ ಬರಬಹುದು ಎಂದು ಎಣಿಸುತ್ತಾರೆ. ಕರೆದವರಲ್ಲಿ ಬಂದವರ ಪಾಲಿಗೆ ಅಲ್ಲಿ ‘ಈಲ್ಡ್’ ಎನ್ನುತ್ತಾರೆ, ಹೊಲದ ಇಳುವರಿಗೆ ಬಳಸುವ ಅದೇ ಪದ. ಹಾರ್ವರ್ಡಿನಂಥ ಕಡೆ ಇಳುವರಿ ಶೇಕಡಾ 80 ದಾಟುತ್ತದೆ. ಉಳಿದ ಬಹುಪಾಲು ಕಾಲೇಜುಗಳದು ಮಳೆ ನಂಬಿದ ಬೇಸಾಯ.

ಮಳೆ ಜಾಸ್ತಿಯಾದ ವರ್ಷಗಳ ಕತೆ ಹೀಗಿದೆ. 2017ರ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿಗೆ ಎಣಿಸಿದ್ದಕ್ಕಿಂತ ಸುಮಾರು 800 ಮಂದಿ ಹೆಚ್ಚು ಬರುತ್ತೇವೆಂದರು. ಅಂಕಪಟ್ಟಿ ಸಮಯಕ್ಕೆ ಬರಲಿಲ್ಲ, ಕೊನೆಯ ವರ್ಷದ ಅಂಕ ಇಳಿದಿದೆ ಎಂಬ ಕಾರಣ ಹುಡುಕಿ 499 ಮಂದಿಯ ಪ್ರವೇಶವನ್ನು ಹಿಂತೆಗೆದುಕೊಂಡರು. ಬೇರೆ ವರ್ಷವಾಗಿದ್ದರೆ ಕಣ್ಣು ಮುಚ್ಚಿಕೊಳ್ಳಬಹುದಾಗಿದ್ದ ತಪ್ಪುಗಳು ಅವು. ಮಕ್ಕಳು, ಪತ್ರಿಕೆಗಳು ದೊಡ್ಡ ಗದ್ದಲವೆಬ್ಬಿಸಿದ ಮೇಲೆ ಕುಲಪತಿ ಕ್ಷಮೆ ಕೇಳಿ ಬಹಳಷ್ಟು ಮಂದಿಯನ್ನು ಒಳಗೆ ಬಿಟ್ಟುಕೊಳ್ಳಬೇಕಾಯಿತು. 2019ರಲ್ಲಿ ವರ್ಜೀನಿಯಾ ಟೆಕ್ ಸುಮಾರು 6,600 ಹೊಸ ವಿದ್ಯಾರ್ಥಿಗಳಿಗೆ ಸಜ್ಜಾಗಿದ್ದರೆ ಮುಂಗಡ ಕಟ್ಟಿದವರು 8,000ದಷ್ಟು. ಮುಂದಿನ ವರ್ಷ ಬರಲು ಒಪ್ಪುವವರಿಗೆ ಹಣದ ನೆರವಿನ ಆಸೆ ತೋರಿಸಿದರು, ಹೋಟೆಲ್ ಕೋಣೆಗಳನ್ನೇ ಹಾಸ್ಟೆಲು ಮಾಡಿದರು.

ಬರಗಾಲ ಬಿದ್ದವರ ಸ್ಥಿತಿ ಇದಕ್ಕಿಂತ ಕಷ್ಟ. ಶುಲ್ಕವನ್ನೇ ನಂಬಿ ಬದುಕುವ ಸಣ್ಣ ಕಾಲೇಜಿಗೆ ಆಗಸ್ಟಿನಲ್ಲಿ ಐವತ್ತು ಮಕ್ಕಳು ಕಡಿಮೆಯಾದರೆ ಯಾವುದೋ ಒಂದು ವಿಭಾಗದ ಅಧ್ಯಾಪಕನ ಕೆಲಸ ಹೋಗುತ್ತದೆ. ಹಾಗಾಗಿಯೇ ಅನೇಕ ಕಾಲೇಜುಗಳು ಒಂದು ಕಾಯುವ ಪಟ್ಟಿ ಇಟ್ಟುಕೊಳ್ಳುತ್ತವೆ. ಎರಡನೆಯ ಮುಂಗಡದ ಪೆಟ್ಟು ನೇರವಾಗಿ ಬೀಳುವುದು ಆ ಪಟ್ಟಿಯಲ್ಲಿರುವವರ ಮೇಲೆ. ಲೆಕ್ಕದ ಪುಸ್ತಕದಲ್ಲಿ ಸೀಟು ತುಂಬಿದೆ, ಆದ್ದರಿಂದ ಫೋನು ಹೋಗುವುದಿಲ್ಲ. ಆ ಅಜ್ಜಿ ತುಮಕೂರಿನವರೆಗೆ ನಿಂತೇ ಇರಬೇಕು. ಅಂದಹಾಗೆ, ಒಂದು ಕಡೆ ಮುಂಗಡ ಕಟ್ಟಿ ಇನ್ನೊಂದು ಕಡೆ ಕಾಯುವ ಪಟ್ಟಿಯಲ್ಲಿರುವುದನ್ನು ಯಾರೂ ತಪ್ಪೆನ್ನುವುದಿಲ್ಲ. ಅಲ್ಲಿ ಹಿಡಿದಿರುವುದು ಒಂದೇ ಸೀಟು. ಮೇಲಿನದು ಸಿಕ್ಕರೆ ಕೆಳಗಿನದನ್ನು ಬಿಟ್ಟುಕೊಡಬೇಕು, ಕಟ್ಟಿದ ಮುಂಗಡ ಹೋಯಿತು ಎನ್ನಬೇಕು, ಅಷ್ಟೇ.

ಬೇಸಿಗೆಯಲ್ಲಿ ಸೇರುವವರ ಪಟ್ಟಿಯಿಂದಲೇ ಕರಗಿಹೋಗುವವರ ಬಗ್ಗೆ ಬೆಂಜಮಿನ್ ಕ್ಯಾಸಲ್‌ಮನ್ ಮತ್ತು ಲಿಂಡ್ಸೆ ಪೇಜ್ ಎಂಬ ಇಬ್ಬರು ಸಂಶೋಧಕರು 2014ರಲ್ಲಿ ‘ಸಮ್ಮರ್ ಮೆಲ್ಟ್’ ಎಂಬ ಪುಸ್ತಕವನ್ನೇ ತಂದರು. ಕಾಲೇಜಿಗೆ ಹೋಗುತ್ತೇವೆಂದು ನಿರ್ಧರಿಸಿದ್ದ ಹೈಸ್ಕೂಲು ಮಕ್ಕಳಲ್ಲಿ 10ರಿಂದ 40 ಶೇಕಡಾ ಮಂದಿ ಸೆಪ್ಟೆಂಬರಿಗೆ ಯಾವ ಕಾಲೇಜಿನಲ್ಲೂ ಕಾಣಸಿಗುವುದಿಲ್ಲ, ಅವರಲ್ಲಿ ಬಡಮಕ್ಕಳೇ ಹೆಚ್ಚು ಎಂಬುದು ಅವರು ತೋರಿಸಿದ ವಿಷಯ. ತುಂಬದೆ ಉಳಿದ ಒಂದು ನಮೂನೆ, ಅರ್ಥವಾಗದ ಒಂದು ಬಿಲ್ಲು, ಕೇಳಲು ಯಾರೂ ಇಲ್ಲದ ಒಂದು ಜುಲೈ ತಿಂಗಳು. ಅವರ ಕೈ ಹಿಡಿಯಲು ಮೊಬೈಲಿಗೆ ನಾಲ್ಕಾರು ಜ್ಞಾಪನೆಯ ಸಂದೇಶ ಕಳಿಸಿದರೂ ಸಾಕಷ್ಟು ಫಲ ಸಿಕ್ಕಿತು. ಪ್ರವೇಶ ಕಚೇರಿಯ ಪಟ್ಟಿಯಲ್ಲಿ ‘ಬರಲಿಲ್ಲ’ ಎಂಬ ಒಂದೇ ಷರಾದ ಕೆಳಗೆ ಎರಡು ಕಾಲೇಜು ಹಿಡಿದವನೂ ಇರುತ್ತಾನೆ, ಒಂದೂ ಹಿಡಿಯಲಾಗದೆ ಜಾರಿದವಳೂ ಇರುತ್ತಾಳೆ.

ಹಾಗಾದರೆ ಎರಡು ಕಡೆ ಕಟ್ಟಿದವರು ಸಿಕ್ಕಿಬೀಳುವುದು ಹೇಗೆ? ಬಹಳ ಸಲ ಸಿಕ್ಕಿಬೀಳುವುದೇ ಇಲ್ಲ. ಇಡೀ ದೇಶಕ್ಕೆ ಒಂದು ಪಟ್ಟಿ ಎಂಬುದಿಲ್ಲ. ಹೈಸ್ಕೂಲಿನ ಕೊನೆಯ ಅಂಕಪಟ್ಟಿ ಸೇರುವ ಕಾಲೇಜಿಗೆ ಹೋಗಬೇಕು. ಒಂದೇ ಕಡೆಗೆ ಕಳಿಸುತ್ತೇನೆ ಎನ್ನುವ ಸಲಹೆಗಾರರ ಹಟವೇ ಇಲ್ಲಿ ಮುಖ್ಯ ಬೇಲಿ. ಗೊತ್ತಾದರೆ ಪ್ರವೇಶ ರದ್ದುಮಾಡುವ ಹಕ್ಕನ್ನು ಕಾಲೇಜುಗಳು ಇಟ್ಟುಕೊಂಡಿರುತ್ತವೆ. ನಿಜವಾದ ಬಿಗಿ ಇರುವುದು ‘ಅರ್ಲಿ ಡಿಸಿಷನ್’ ಎಂಬ ಬೇರೆ ದಾರಿಯಲ್ಲಿ. ಅಲ್ಲಿ ನವೆಂಬರಿನಲ್ಲೇ ಒಂದೇ ಕಾಲೇಜಿಗೆ, ಸಿಕ್ಕರೆ ಬಂದೇ ಬರುತ್ತೇನೆ ಎಂದು ವಿದ್ಯಾರ್ಥಿ, ಪೋಷಕ, ಸಲಹೆಗಾರ ಮೂವರೂ ಸಹಿ ಹಾಕುತ್ತಾರೆ. ನೆರವಿನ ಹಣ ಸಾಲದು ಎಂಬುದೊಂದೇ ಮರ್ಯಾದೆಯಿಂದ ಹೊರಬರುವ ಬಾಗಿಲು. 2025ರಲ್ಲಿ ನ್ಯೂ ಆರ್ಲಿಯನ್ಸ್‌ನ ಟುಲೇನ್ ವಿಶ್ವವಿದ್ಯಾಲಯ, ಹೀಗೆ ಮಾತು ಕೊಟ್ಟು ತಪ್ಪಿದ ವಿದ್ಯಾರ್ಥಿಯ ಕಾರಣಕ್ಕೆ ಡೆನ್ವರ್‌ನ ಒಂದು ಖಾಸಗಿ ಶಾಲೆಯಿಂದ ಈ ಬಗೆಯ ಅರ್ಜಿಗಳನ್ನೇ ಒಂದು ವರ್ಷ ತೆಗೆದುಕೊಳ್ಳುವುದಿಲ್ಲ ಎಂದಿತು. ಅಣ್ಣ ಮುರಿದ ಮಾತಿಗೆ ತಮ್ಮಂದಿರಿಗೆ ದಂಡ.

ಈ ಕತೆಯ ಅತ್ಯಂತ ವಿಚಿತ್ರ ತಿರುವು ಬಂದದ್ದು 2019ರಲ್ಲಿ. ಕಾಲೇಜುಗಳ ಪ್ರವೇಶಾಧಿಕಾರಿಗಳು ಮತ್ತು ಹೈಸ್ಕೂಲುಗಳ ಸಲಹೆಗಾರರು ಸೇರಿದ ‘ನ್ಯಾಕ್ಯಾಕ್’ ಎಂಬ ಸಂಘ 1937ರಿಂದ ಇದೆ. ಮೇ 1ರ ದಿನಾಂಕಕ್ಕೆ ಬೆಲೆ ಬಂದದ್ದು ಅದರ ನೀತಿಸಂಹಿತೆಯಿಂದ. ಆ ಸಂಹಿತೆಯಲ್ಲಿ ಕಾಲೇಜುಗಳಿಗೂ ಕೆಲವು ಕಟ್ಟುಪಾಡುಗಳಿದ್ದವು. ಮೇ 1ರ ನಂತರ, ಬೇರೆ ಕಡೆ ಮುಂಗಡ ಕಟ್ಟಿದ ವಿದ್ಯಾರ್ಥಿಯನ್ನು ಆಮಿಷ ತೋರಿಸಿ ಎಳೆಯಬಾರದು ಎಂಬುದು ಅದರಲ್ಲೊಂದು. ಅಮೆರಿಕದ ನ್ಯಾಯ ಇಲಾಖೆ ಇದನ್ನು ಬೇರೆಯೇ ಕಣ್ಣಿನಿಂದ ನೋಡಿತು. ಪೈಪೋಟಿ ಮಾಡದಿರಲು ವ್ಯಾಪಾರಿಗಳು ಮಾಡಿಕೊಂಡ ಒಪ್ಪಂದವಿದು, ಹೆಚ್ಚಿನ ನೆರವು ಸಿಗುವ ಅವಕಾಶ ಇದರಿಂದ ವಿದ್ಯಾರ್ಥಿಗೆ ತಪ್ಪುತ್ತದೆ ಎಂದಿತು. ಸಂಘ ಆ ಸೆಪ್ಟೆಂಬರಿನಲ್ಲಿ ಕೆಂಟಕಿಯ ಲೂಯಿವಿಲ್‌ನಲ್ಲಿ ಸೇರಿ ಆ ನಿಯಮಗಳನ್ನು ಕಿತ್ತುಹಾಕಿತು. ಡಿಸೆಂಬರಿನಲ್ಲಿ ಇಲಾಖೆ ಮೊಕದ್ದಮೆಯನ್ನೂ ರಾಜಿಯನ್ನೂ ಒಟ್ಟಿಗೇ ನ್ಯಾಯಾಲಯದ ಮುಂದಿಟ್ಟಿತು.

ಪರಿಣಾಮ ನೋಡಿ. ಜೂನ್ ತಿಂಗಳಲ್ಲಿ ಒಂದು ಕಾಲೇಜು, ಬೇರೆ ಕಡೆ ಒಪ್ಪಿಕೊಂಡ ಹುಡುಗಿಗೆ ‘ಇನ್ನೂ 5,000 ಡಾಲರ್ ಕಡಿಮೆ ಮಾಡುತ್ತೇವೆ, ಬಾ’ ಎಂದು ಪತ್ರ ಬರೆದರೆ ಅದು ಪೈಪೋಟಿ, ಕಾನೂನುಬದ್ಧ. ಅದೇ ಹುಡುಗಿ ಆ ಪತ್ರ ಬರಬಹುದೆಂದು ಮೊದಲೇ ಅಲ್ಲೊಂದು ಮುಂಗಡ ಕಟ್ಟಿಟ್ಟರೆ ಅದು ಅನೀತಿ. ದೊಡ್ಡವರನ್ನು ಮಾತಿನ ಕಟ್ಟಿನಿಂದ ಬಿಡಿಸಿ, ಹದಿನೇಳರ ಮಕ್ಕಳ ಕೊರಳಲ್ಲಿ ಮಾತ್ರ ಅದನ್ನು ಉಳಿಸಿದ ಏರ್ಪಾಡು ಇದು. ಎರಡನೆಯ ಮುಂಗಡದಿಂದ ಕಾಯುವವನಿಗೆ ಅನ್ಯಾಯವಾಗುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಆ ಅನ್ಯಾಯದ ಪೂರ್ತಿ ಬಿಲ್ಲನ್ನು ವಿದ್ಯಾರ್ಥಿಯ ಹೆಸರಿಗೇ ಬರೆಯುವುದು ಸರಿಯಲ್ಲ.

ಇದಕ್ಕೆ ಮದ್ದಿಲ್ಲವೇ? ಮದ್ದು 1962ರಲ್ಲೇ ಸಿಕ್ಕಿತ್ತು. ಡೇವಿಡ್ ಗೇಲ್ ಮತ್ತು ಲಾಯ್ಡ್ ಶಾಪ್ಲಿ ಎಂಬ ಇಬ್ಬರು ಗಣಿತಜ್ಞರು ಆ ವರ್ಷ ಕಾಲೇಜು ಪ್ರವೇಶವನ್ನೂ ಮದುವೆಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ಪುಟ್ಟ ಲೇಖನವೊಂದನ್ನು ಬರೆದರು. ಪ್ರತಿ ವಿದ್ಯಾರ್ಥಿ ತನಗೆ ಅತ್ಯಂತ ಇಷ್ಟವಾದ ಕಾಲೇಜನ್ನು ಮೊದಲು ಕೇಳಲಿ. ಕಾಲೇಜು ತನ್ನ ಸೀಟಿನಷ್ಟು ಮಂದಿಯನ್ನು ತಾತ್ಕಾಲಿಕವಾಗಿ ಇಟ್ಟುಕೊಂಡು ಉಳಿದವರನ್ನು ಕಳಿಸಲಿ. ಅವರು ಮುಂದಿನ ಕಾಲೇಜನ್ನು ಕೇಳಲಿ, ಆ ಕಾಲೇಜು ಹೊಸಬರನ್ನೂ ಹಳಬರನ್ನೂ ಮತ್ತೆ ತೂಗಲಿ. ಯಾರೂ ಯಾರನ್ನೂ ಕೇಳುವುದು ಉಳಿಯದಾಗ ಆಟ ಮುಗಿಯಿತು. ಯಾವ ಕ್ಷಣದಲ್ಲೂ ಒಬ್ಬನ ಕೈಯಲ್ಲಿ ಎರಡು ಸೀಟು ಇರುವುದಿಲ್ಲ. ಇದೇ ಬಗೆಯ ಯಂತ್ರ ಅಮೆರಿಕದ ಆಸ್ಪತ್ರೆಗಳಿಗೆ ಹೊಸ ವೈದ್ಯರನ್ನು ಹಂಚುವ ಕೆಲಸದಲ್ಲಿ 1952ರಿಂದಲೇ ಓಡುತ್ತಿತ್ತು ಎಂಬುದನ್ನು ಅರ್ಥಶಾಸ್ತ್ರಜ್ಞ ಆಲ್ವಿನ್ ರಾತ್ ಆಮೇಲೆ ಗುರುತಿಸಿದರು. ಶಾಪ್ಲಿ ಮತ್ತು ರಾತ್ ಇಬ್ಬರಿಗೂ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಗೇಲ್ ಅಷ್ಟರಲ್ಲಿ ತೀರಿಕೊಂಡಿದ್ದರು. ಅಮೆರಿಕದ ಪದವಿ ಕಾಲೇಜುಗಳು ಮಾತ್ರ ಈ ಯಂತ್ರವನ್ನು ಒಟ್ಟಾಗಿ ಒಪ್ಪಿಕೊಂಡಿಲ್ಲ. ಯಾರನ್ನು ಕರೆಯಬೇಕು, ಯಾರಿಗೆ ಎಷ್ಟು ಹಣ ಬಿಡಬೇಕು ಎಂಬ ಗುಟ್ಟನ್ನು ಯಂತ್ರಕ್ಕೆ ಒಪ್ಪಿಸಲು ಅವಕ್ಕೆ ಮನಸ್ಸಿಲ್ಲ.

ನಡುವಿನ ದಾರಿಗಳೂ ಇವೆ. ಅಲ್ಲಿನ ವೈದ್ಯಕೀಯ ಕಾಲೇಜುಗಳು ಒಬ್ಬನ ಕೈಯಲ್ಲಿ ಹಲವು ಸೀಟು ಇರುವುದನ್ನು ಪಾಪವೆನ್ನುವ ಬದಲು ಅದಕ್ಕೊಂದು ಕಾಲಮಿತಿ ಹಾಕಿವೆ. ಏಪ್ರಿಲ್ 15ರೊಳಗೆ ಮೂರಕ್ಕೆ ಇಳಿಸು, 30ರೊಳಗೆ ಒಂದಕ್ಕೆ. ಬ್ರಿಟನ್ನಿನಲ್ಲಂತೂ ಎರಡನೆಯ ಟವೆಲು ಅಧಿಕೃತ. ಪ್ರವೇಶದ ಅರ್ಜಿಗಳನ್ನು ನೋಡಿಕೊಳ್ಳುವ ‘ಯೂಕ್ಯಾಸ್’ ಸಂಸ್ಥೆಯ ಮೂಲಕ ಐದು ಆಯ್ಕೆ ಬರೆದ ವಿದ್ಯಾರ್ಥಿ ಕೊನೆಗೆ ಒಂದನ್ನು ‘ಫರ್ಮ್’ ಎಂದೂ, ಅಂಕ ಕಡಿಮೆಯಾದರೆ ಇರಲಿ ಎಂದು ಇನ್ನೊಂದನ್ನು ‘ಇನ್ಶೂರೆನ್ಸ್’ ಎಂದೂ ಇಟ್ಟುಕೊಳ್ಳಬಹುದು. ಎರಡೂ ಒಂದೇ ಕಂಪ್ಯೂಟರಿನಲ್ಲಿ ಇರುವುದರಿಂದ ಯಾರಿಗೂ ಮೋಸವಿಲ್ಲ.

ಎಂಎಸ್ ಮಾಡಲು ಕರ್ನಾಟಕದಿಂದ ಅಮೆರಿಕಕ್ಕೆ ಹೊರಡುವ ಮಕ್ಕಳಿಗೆ ಈ ಇಕ್ಕಟ್ಟು ಬೇರೆ ರೂಪದಲ್ಲಿ ಎದುರಾಗುತ್ತದೆ. ಎರಡು ವಿಶ್ವವಿದ್ಯಾಲಯಗಳಿಂದ, ವಿದ್ಯಾರ್ಥಿ ವೀಸಾಕ್ಕೆ ಬೇಕಾದ ‘ಐ-20’ ಎಂಬ ಪತ್ರ ತರಿಸಿಕೊಳ್ಳುವವರಿದ್ದಾರೆ. ಆದರೆ ವಿದೇಶಿ ವಿದ್ಯಾರ್ಥಿಗಳ ನೋಂದಣಿಗೆಂದು 350 ಡಾಲರ್ ‘ಸೆವಿಸ್’ ಶುಲ್ಕ ಕಟ್ಟಿ ವೀಸಾ ಸಂದರ್ಶನಕ್ಕೆ ನಿಂತಾಗ, ಆಮೇಲೆ ವಿಮಾನ ಇಳಿದಾಗ, ಕೈಯಲ್ಲಿರುವ ಪತ್ರ ಒಂದೇ ಆಗಿರಬೇಕು, ಮೊದಲು ಸೇರುವುದೂ ಆ ಪತ್ರ ಕೊಟ್ಟ ಕಡೆಗೇ. ಸಹಾಯಧನದ ಸಮೇತ ಕರೆ ಬಂದವರಿಗೆ, ಏಪ್ರಿಲ್ 15ಕ್ಕೆ ಮೊದಲು ಉತ್ತರ ಕೊಡುವಂತೆ ಒತ್ತಾಯಿಸುವುದಿಲ್ಲ ಎಂಬ ಒಪ್ಪಂದಕ್ಕೆ ಅನೇಕ ವಿಶ್ವವಿದ್ಯಾಲಯಗಳು ಸಹಿ ಹಾಕಿವೆ. ಅವಸರ ಮಾಡುವ ಇಮೇಲು ಬಂದಾಗ ಇದು ಗೊತ್ತಿದ್ದರೆ ರಾತ್ರಿ ನಿದ್ದೆ ಬರುತ್ತದೆ.

ಸಿಇಟಿ ಬರೆಸಿದ ಮನೆಯವರಿಗೆ ಇದೆಲ್ಲ ಪರಿಚಿತವಾಗಿಯೇ ಕೇಳಿಸುತ್ತದೆ. ಆಪ್ಷನ್ ಎಂಟ್ರಿಯ ನಂತರ ಸೀಟು ಹಂಚಿಕೆಯಾದಾಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕೇಳುವ ನಾಲ್ಕು ಛಾಯ್ಸ್‌ಗಳಲ್ಲಿ ಎರಡನೆಯದು, ಸಿಕ್ಕಿದ್ದು ಕೈಯಲ್ಲಿರಲಿ, ಮೇಲಿನದು ಸಿಕ್ಕರೆ ಇದು ತಾನಾಗಿ ಬಿಟ್ಟುಹೋಗಲಿ ಎನ್ನುವಂಥದು. ಗೇಲ್ ಮತ್ತು ಶಾಪ್ಲಿ ಕೇಳಿದ್ದರೆ ತಲೆದೂಗುತ್ತಿದ್ದರು. ಐಐಟಿ ಒಂದು ಕಡೆ, ಎನ್‌ಐಟಿ ಒಂದು ಕಡೆ ಬೇರೆಬೇರೆ ಹಂಚಿಕೆ ನಡೆಸುತ್ತಿದ್ದಾಗ ಒಬ್ಬನೇ ಎರಡು ಸೀಟು ಹಿಡಿದು, ಬಿಟ್ಟ ಸೀಟು ಖಾಲಿ ಉಳಿಯುತ್ತಿತ್ತು. 2015ರಲ್ಲಿ ‘ಜೋಸಾ’ ಬಂದು ಎರಡನ್ನೂ ಒಂದೇ ಹಂಚಿಕೆಗೆ ತಂದಿತು, ಅದರ ಹಿಂದೆ ಇರುವುದೂ ಆ 1962ರ ಉಪಾಯವೇ.

ಆದರೆ ಒಂದು ಯಂತ್ರದಿಂದ ಇನ್ನೊಂದಕ್ಕೆ ದಾರಿ ಇಲ್ಲದ ಕಡೆ ಇಲ್ಲೂ ಅದೇ ಕತೆ. ಸಿಇಟಿಯಲ್ಲೊಂದು, ಕಾಮೆಡ್‌ಕೆಯಲ್ಲೊಂದು, ಖಾಸಗಿ ವಿಶ್ವವಿದ್ಯಾಲಯದಲ್ಲೊಂದು ಹಣ ಕಟ್ಟಿ ಜುಲೈ ಕಳೆಯುವ ಮನೆಗಳಿವೆ. ಅಂಥವರಿಗಾಗಿಯೇ ಯುಜಿಸಿ 2018ರಲ್ಲಿ ಮರುಪಾವತಿಯ ಲೆಕ್ಕ ಹಾಕಿಕೊಟ್ಟಿತು. ಪ್ರವೇಶದ ಕಡೆಯ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಪೂರ್ತಿ ಶುಲ್ಕ, ಆಮೇಲೆ 90, 80, 50 ಶೇಕಡಾ ಹೀಗೆ ಇಳಿಯುತ್ತ, ಕಡೆಯ ದಿನ ಕಳೆದು 30 ದಿನವಾದರೆ ಏನೂ ಇಲ್ಲ. ಮೂಲ ಅಂಕಪಟ್ಟಿಯನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ ಎಂದೂ ಹೇಳಿತು. ಟವೆಲು ಹಾಕುವುದೇ ಕಸುಬಾದರೆ ಏನಾಗುತ್ತದೆಂದು 2024ರ ಎಂಜಿನಿಯರಿಂಗ್ ಸೀಟ್ ಬ್ಲಾಕಿಂಗ್ ಪ್ರಕರಣ ತೋರಿಸಿತು. ಸೇರುವ ಉದ್ದೇಶವೇ ಇಲ್ಲದ ವಿದ್ಯಾರ್ಥಿಗಳ ಹೆಸರಿನಲ್ಲಿ ಸೀಟು ಹಿಡಿಸಿ, ಕೊನೆಯ ಸುತ್ತು ಮುಗಿದ ಮೇಲೆ ಬಿಡಿಸಿ, ಖಾಲಿಯಾದದ್ದನ್ನು ಹೆಚ್ಚಿನ ಬೆಲೆಗೆ ಮಾರುತ್ತಾರೆಂಬ ಆರೋಪದ ಮೇಲೆ ಪ್ರಾಧಿಕಾರವೇ ಪೊಲೀಸರಿಗೆ ದೂರು ಕೊಟ್ಟಿತು, ಹಲವರ ಬಂಧನವಾಯಿತು. ಅಮೆರಿಕದ ಹುಡುಗನ ಎರಡನೆಯ ಮುಂಗಡ ಇದರ ಮುಂದೆ ಮಗುವಿನ ಆಟ.

ಆ ಹುಡುಗ ಮಾಡಬಹುದಾದ ಕೆಲಸ ನಿಜಕ್ಕೂ ಚಿಕ್ಕದು. ನೆರವಿನ ಪತ್ರ ಬಂದಿಲ್ಲವಾದರೆ ಗಡುವಿಗೆ ಮೊದಲೇ ಕಾಲೇಜಿಗೆ ಬರೆದು ಎರಡು ವಾರ ಕೇಳಬಹುದು, ಕೊಡುವ ಕಾಲೇಜುಗಳು ಇವೆ. ಹೋಗುವುದಿಲ್ಲ ಎಂದು ಖಾತ್ರಿಯಾದ ದಿನವೇ ಆ ಕಾಲೇಜಿನ ಜಾಲಪುಟದಲ್ಲಿ ಒಂದು ಗುಂಡಿ ಒತ್ತಬಹುದು. ಅದನ್ನು ಒತ್ತಿದರೆ ಕಾಯುವ ಪಟ್ಟಿಯಲ್ಲಿರುವ ಒಬ್ಬಳ ಮನೆಯಲ್ಲಿ ಜೂನ್ ತಿಂಗಳ ಒಂದು ಮಧ್ಯಾಹ್ನ ಫೋನು ಹೊಡೆದುಕೊಳ್ಳುತ್ತದೆ. ಅವಳು ಅಲ್ಲಿಗೆ ಹೋಗಲು ತಾನು ಮುಂಗಡ ಕಟ್ಟಿದ್ದ ಕಾಲೇಜನ್ನು ಬಿಡುತ್ತಾಳೆ, ಆ ಕಾಲೇಜು ತನ್ನ ಪಟ್ಟಿ ತೆರೆದು ಇನ್ನೊಬ್ಬನಿಗೆ ಫೋನು ಮಾಡುತ್ತದೆ. ಹೀಗೆ ಒಂದು ಸೀಟು ನಾಲ್ಕಾರು ಮನೆ ದಾಟಿ ಜುಲೈವರೆಗೂ ಚಲಿಸುತ್ತದೆ.

ಒತ್ತದಿದ್ದರೆ ಆಗಸ್ಟಿನಲ್ಲಿ ಹಾಸ್ಟೆಲು ತೆರೆಯುತ್ತದೆ. ಪ್ರತಿ ಕೋಣೆಯ ಬಾಗಿಲಿಗೂ ಹಿರಿಯ ವಿದ್ಯಾರ್ಥಿಗಳು ಬಣ್ಣದ ಕಾಗದದಲ್ಲಿ ಎರಡೆರಡು ಹೆಸರು ಕತ್ತರಿಸಿ ಅಂಟಿಸಿರುತ್ತಾರೆ. ಒಂದು ಕೋಣೆಯಲ್ಲಿ ಎರಡನೆಯ ಹೆಸರಿನವನು ಬರುವುದೇ ಇಲ್ಲ. ಮೂರು ದಿನ ಕಾದ ಮೇಲೆ, ಬಂದವನು ಸ್ನಾನ ಮುಗಿಸಿಕೊಂಡು ಬಂದು ತನ್ನ ಒದ್ದೆ ಟವೆಲನ್ನು ಆ ಖಾಲಿ ಮಂಚದ ಮೇಲೆ ಹರವುತ್ತಾನೆ.